ಲೀಲಮ್ಮ ಟೀಚರ ಒಂದೂಮುಕ್ಕಾಲಿನ ಟೈರು

ನನ್ನ ಅತ್ತೆ ಲೀಲಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು. ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ, ನಿವೃತ್ತಿಯಾದ ಮೇಲೆ ಕೆನಡಾದ ಮಾಲ್ಟನ್ನಿನ ನಮ್ಮ ಮನೆಗೆ ಬಂದವರು. ಕೂತು ತಿನ್ನುವುದು ಮೂರೇ ತಿಂಗಳಿಗೆ ಬೇಸರವಾಗಿ ಒಂದು ಡೇಕೇರಿನ ಅಡುಗೆಮನೆಯಲ್ಲಿ ಕೆಲಸ ಹಿಡಿದರು. ಯಾರೋ ಬಳಸಿದ ಮನೆ ಸಾಮಾನು ಮಾರುವ ಗ್ಯಾರೇಜ್ ಸೇಲಿನಲ್ಲಿ ಸಿಕ್ಕ ಹಳೇ ಲೇಡೀಸ್ ಸೈಕಲ್ಲೇ ಅವರ ವಾಹನ. ಚೂಡಿದಾರದ ಮೇಲೆ ನನ್ನ ಹಳೇ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಅವರು ಹೊರಟರೆ ಬೀದಿಯವರೆಲ್ಲ ಕೈ ಬೀಸುತ್ತಿದ್ದರು.

೨೦೧೭ರ ಮೇ ತಿಂಗಳಲ್ಲಿ ಆ ಸೈಕಲ್ಲಿನ ಎರಡೂ ಟೈರು ಬಿರುಕು ಬಿಟ್ಟು ಒಳಗಿನ ನೂಲು ಕಾಣತೊಡಗಿತು. ಕಾಯುತ್ತಿದ್ದವಳಂತೆ ನನ್ನ ಹೆಂಡತಿ ಆಶಾಲತಾ ತೀರ್ಪು ಕೊಟ್ಟಳು: ಅರವತ್ತನಾಲ್ಕನೇ ವಯಸ್ಸಿಗೆ ಸೈಕಲ್ ಸಾಕು, ಸೋಮವಾರದಿಂದ ಇವರೇ ಕಾರಲ್ಲಿ ಬಿಟ್ಟು ಬರುತ್ತಾರೆ. ಇವರು ಅಂದರೆ ನಾನು. ಅತ್ತೆ ಒಂದೇ ಮಾತು ಹೇಳಿದರು.

"ನಿಮ್ ಟೈಮಿಗೆ ಎದ್ದು, ನಿಮ್ ಟೈಮಿಗೆ ಕಾದು, ನಂಗಾಗಲ್ಲ ಕಣೇ. ನನ್ ಕೆಲಸಕ್ಕೆ ನಾನೇ ಹೋಗ್ತೀನಿ."

ಸೋಮವಾರದೊಳಗೆ ಟೈರು ಬದಲಾಗದಿದ್ದರೆ ಸೈಕಲ್ ಕಸಕ್ಕೆ ಎಂದು ತಾಯಿ ಮಗಳ ನಡುವೆ ಒಪ್ಪಂದವಾಯಿತು. ಬಿಸಿತುಪ್ಪ ಬಾಯಿಗೆ ಬಿದ್ದಿದ್ದು ನನಗೆ.

ಶನಿವಾರ ಪಕ್ಕದ ರೆಕ್ಸ್‌ಡೇಲಿನ ಸೈಕಲ್ ಅಂಗಡಿಗೆ ಹೋದೆವು. ಅತ್ತೆ ಹಳೇ ಟೈರಿನ ಮೇಲಿದ್ದ ಅಳತೆಯನ್ನು ದುಂಡಗೆ ಚೀಟಿಯಲ್ಲಿ ಬರೆದು ತಂದಿದ್ದರು: ಇಪ್ಪತ್ತಾರು ಇಂಚು, ಅಗಲ ಒಂದೂಮುಕ್ಕಾಲು. ಅಂಗಡಿಯ ಸರ್ದಾರ್ಜಿ ಅದನ್ನು ಓದುವಷ್ಟರಲ್ಲಿ ಅತ್ತೆಯೇ ಗೋಡೆಯಿಂದ ಎರಡು ಟೈರು ಇಳಿಸಿದರು. ಅವುಗಳ ಮೇಲಿದ್ದದ್ದು ಇಪ್ಪತ್ತಾರು, ಒಂದು ಪಾಯಿಂಟ್ ಏಳು ಐದು. ಇದು ಬೇರೆ ಸೈಜು ಮೇಡಂಜೀ, ಸೈಕಲ್ಲನ್ನೇ ತನ್ನಿ, ಎಂದು ಆತ ಹಿಂದಿಯಲ್ಲಿ ಬೇಡಿಕೊಂಡ. ಟೀಚರಿಗೆ ಹೇಳುವ ಮಾತೇ ಅದು? ಆತನ ಬಿಲ್ ಪುಸ್ತಕದ ಹಿಂದೆಯೇ ಮೂರನ್ನು ನಾಲ್ಕರಿಂದ ಭಾಗಿಸಿ, ಮುಕ್ಕಾಲು ಅಂದರೆ ಪಾಯಿಂಟ್ ಏಳು ಐದೇ ಎಂದು ತೋರಿಸಿದರು. ಪಾಪ, ಆತ ಟೈರು ಕಟ್ಟಿಕೊಟ್ಟ.

ಭಾನುವಾರ ಗ್ಯಾರೇಜಿನಲ್ಲಿ ನಾನು, ಅತ್ತೆ, ಅಡುಗೆಮನೆಯ ಮೂರು ಚಮಚ ಸೇರಿ ಆ ಟೈರಿನೊಂದಿಗೆ ಮಧ್ಯಾಹ್ನದವರೆಗೆ ಕುಸ್ತಿ ಆಡಿದೆವು. ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ನನ್ನ ಎರಡು ಉಗುರು ಹೋದವು, ಒಂದು ಚಮಚ ಬಾಗಿತು. ಕೊನೆಗೆ ಅತ್ತೆ ಹೊಲಿಗೆ ಟೇಪು ತಂದು ಎರಡೂ ಟೈರಿನ ಒಳಸುತ್ತು ಅಳೆದು, ಅದನ್ನು ಏಳರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿ, ಮೂರು ಸಲ ಲೆಕ್ಕ ಮಾಡಿದರು. ಹೊಸದರ ಒಳಗಿನ ವ್ಯಾಸ ಹನ್ನೆರಡು ಮಿಲಿಮೀಟರ್ ಕಡಿಮೆ.

"ಲೆಕ್ಕ ಸರಿಯಾಗೇ ಇದೆ," ಎಂದರು ಮೊದಲು. ಆಮೇಲೆ ಮೆಟ್ಟಿಲ ಮೇಲೆ ಕೂತು ನನ್ನ ಮುಖ ನೋಡದೆ ಹೇಳಿದರು: "ಆ ಮನುಷ್ಯ ಹೇಳ್ದ ಅಳಿಯಂದ್ರೇ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ನನಗೆ ನಿಜಕ್ಕೂ ಸಂಕಟವಾಯಿತು. ಈ ಸಲ ಸೈಕಲ್ಲನ್ನೇ ಕಾರಿಗೆ ತುರುಕಿ ಅಂಗಡಿಗೆ ಓಡಿದೆವು. ತನ್ನ ಗೆಲುವು ಕಣ್ಣಾರೆ ನೋಡಲು ಆಶಾಲತಾಳೂ ಜೊತೆಗೆ ಹೊರಟಳು.

ಅತ್ತೆ ನೇರವಾಗಿ ಸರ್ದಾರ್ಜಿಯ ಮುಂದೆ ನಿಂತು ಸಾರಿ ಹೇಳಿದರು. ಆತ ನಗಲಿಲ್ಲ. ಅಳತೆಯನ್ನು ಭಿನ್ನರಾಶಿಯಲ್ಲಿ ಬರೆಯುತ್ತಿದ್ದ ಹಳೇ ಕಾಲದ ಈ ರಿಮ್ಮೇ ಬೇರೆ, ಇದಕ್ಕೆ ಟೈರು ಈಗ ಸಿಗುವುದೇ ಅಪರೂಪ ಎಂದು ಒಳಗಿನಿಂದ ಧೂಳು ಹಿಡಿದ ಒಂದು ಜೊತೆ ತಂದು ಕೂರಿಸಿದ. ಐದು ವರ್ಷಕ್ಕೆ ಮೋಸವಿಲ್ಲ, ಮುಂದೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದ. ಆಶಾಲತಾಳ ಮುಖ ಅರಳಿತು. ಐದು ವರ್ಷದ ಮೇಲಾದರೂ ಈ ಕಾಟ ಮುಗಿಯುತ್ತದಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಅತ್ತೆಗೆ ಕೇಳಿಸಿತು. ಇನ್ನೆಷ್ಟು ಇವೆ ಎಂದು ವಿಚಾರಿಸಿದರು. ಇನ್ನೊಂದೇ ಜೊತೆ ಎಂದ ಸರ್ದಾರ್ಜಿ.

"ಅದನ್ನೂ ಕೊಡಿ," ಎಂದು ಮಗಳ ಕಡೆ ತಿರುಗಿದರು. "ಈ ಜೊತೆ ಅರವತ್ತೊಂಬತ್ತರ ತನಕ, ಅದು ಎಪ್ಪತ್ನಾಲ್ಕರ ತನಕ. ಆಮೇಲೆ ಬೇಕಾದ್ರೆ ಕಾರಲ್ಲಿ ಡ್ರಾಪ್ ಮಾಡ್ಸು."

ಈ ಲೆಕ್ಕವನ್ನು ತಿದ್ದಲು ಯಾರೂ ಹೋಗಲಿಲ್ಲ.