ಎದುರು ಕುರ್ಚಿಯವಳು

ಟೈಲರಮ್ಮನ ಬಾಯಿ ಜೋರು. ಅಳತೆ ತೆಗೆಯುವಾಗಲೇ ಗಿರಾಕಿಗಳಿಗೆ "ಹೋದ ಸಲಕ್ಕಿಂತ ಎರಡಿಂಚು ಬೆಳೆದಿದ್ದೀರಿ, ಬಟ್ಟೆ ಮೇಲೆ ಯಾಕೆ ಸಿಟ್ಟು?" ಅನ್ನುವವಳು. ಆದರೆ ಗಂಡ ತೀರಿಹೋದ ಮೇಲೆ ಅವಳು ಒಲೆ ಪಕ್ಕ ನಿಂತುಕೊಂಡೇ ಎರಡು ತುತ್ತು ನುಂಗುತ್ತಾಳೆ ಅನ್ನೋದು ಸ್ವಂತ ನಾದಿನಿಗೂ ಗೊತ್ತಿರಲಿಲ್ಲ.

ಆ ನಾದಿನಿಯೇ ಬಲವಂತ ಮಾಡಿ ಅವಳನ್ನು ತಿಂಡಿ ರುಚಿಯ ಬಗ್ಗೆ ಸಂಶೋಧನೆ ಮಾಡ್ತೀವಿ ಅನ್ನುವವರ ಹತ್ತಿರ ಕಳಿಸಿದ್ದು. ವಾರಕ್ಕೊಂದು ಮಧ್ಯಾಹ್ನ ಬಂದು ಬಿಸ್ಕತ್ತು ತಿಂದು ರುಚಿ ಹೇಳಿದರಾಯಿತು ಅಂದಿದ್ದರು. ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಎದುರು ಕುರ್ಚಿಯಲ್ಲಿ ಗುಂಗುರು ಕೂದಲಿನ ಹುಡುಗಿ. ಅವಳೂ ತನ್ನ ಹಾಗೇ ಬಂದವಳು ಅಂತ ಟೈಲರಮ್ಮ ನಂಬಿದಳು. ನಂಬದೆ ಇನ್ನೇನು ಮಾಡ್ತಾಳೆ, ಪಾಪ? ಹುಡುಗಿ ಮೊದಲ ದಿನವೇ "ಅಕ್ಕಾ, ಇನ್ನೊಂದು ತಗೊಳ್ಳಿ" ಅಂತ ತಟ್ಟೆ ಮುಂದೆ ತಳ್ಳಿದಳು. ಅವಳು ತಿಂದಾಗ ಇವಳೂ ತಿಂದಳು. ಅವಳು ಒಂದಕ್ಕೇ ಸಾಕು ಅಂದ ವಾರ ಇವಳಿಗೂ ಹಸಿವಾಗಲಿಲ್ಲ.

ಮೂರನೇ ವಾರ ಟೈಲರಮ್ಮನ ಮನಸ್ಸು ಕರಗಿತು. "ಈಗಲೂ ಇಬ್ಬರಿಗಾಗೋಷ್ಟು ಬೇಯಿಸ್ತೀನಿ ಕಣೇ. ನಮ್ಮೆಜಮಾನರ ಪಾಲು ತಟ್ಟೆಗೆ ಹಾಕಿ, ಆಮೇಲೆ ಚೆಲ್ತೀನಿ. ಯಾರಿಗೂ ಹೇಳಿಲ್ಲ." ಹುಡುಗಿ ಕಣ್ಣು ತುಂಬಿಕೊಂಡು ಕೈ ಹಿಡಿದಳು. ಅವತ್ತು ರಾತ್ರಿ ಮನೆಯಲ್ಲಿ ಟೈಲರಮ್ಮ ಎಷ್ಟೋ ದಿನದ ಮೇಲೆ ಕೂತು ಉಂಡಳು. ಇದೆಲ್ಲ ಮುಗಿದ ಮೇಲೂ ಈ ಹುಡುಗಿಯನ್ನ ಬಿಡಬಾರದು, ಮನೆಗೆ ಊಟಕ್ಕೆ ಕರೀಬೇಕು ಅಂದುಕೊಂಡಳು.

ಕೊನೆಯ ವಾರ ಕರೆಯೋಣ ಅಂತಲೇ ಬೇಗ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ತನ್ನ ಕುರ್ಚಿಯಲ್ಲಿ ಬೇರೆ ಯಾರೋ ಹೆಂಗಸು. ಹುಡುಗಿ ದನಿ ತಗ್ಗಿಸಿ ಅವಳಿಗೆ ಹೇಳುತ್ತಿದ್ದಳು: "ಈಗಲೂ ಇಬ್ಬರಿಗಾಗೋಷ್ಟು ಬೇಯಿಸ್ತೀನಿ ಅಕ್ಕಾ. ನಮ್ಮೆಜಮಾನರ ಪಾಲು ತಟ್ಟೆಗೆ ಹಾಕಿ, ಆಮೇಲೆ ಚೆಲ್ತೀನಿ." ಆ ಹೆಂಗಸು ಅಯ್ಯೋ ಪಾಪ ಅಂದು ಇನ್ನೊಂದು ಬಿಸ್ಕತ್ತು ತಗೊಂಡಳು.

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಂಶೋಧಕಿ ಬಂದು ಪಕ್ಕದ ಕೋಣೆಯಲ್ಲಿ ಕೂರಿಸಿದಳು. ಎದುರು ಕೂರುವ ಹುಡುಗಿ ನಮ್ಮವಳೇ, ಜೊತೆಗಿರೋರನ್ನ ನೋಡಿ ಜನ ಎಷ್ಟು ತಿಂತಾರೆ ಅನ್ನೋದೇ ನಮ್ಮ ಪರೀಕ್ಷೆ, ಮೊದಲೇ ಹೇಳಿದ್ದರೆ ಕೆಡುತ್ತಿತ್ತು, ಕ್ಷಮಿಸಿ ಅಂದಳು. "ತಿನ್ನುವಾಗ ನಿಮಗೆ ಅನುಮಾನ ಬಂದಿತ್ತಾ? ವರದಿಯಲ್ಲಿ ಬರೀಬೇಕು."

"ಇಲ್ಲಮ್ಮ, ಬೆಪ್ಪುತಕ್ಕಡಿ ಹಾಗೆ ನಂಬಿದ್ದೆ. ಅದನ್ನ ಬರ್ಕೋ. ನನ್ನ ಸಂಕಟಾನ ತನ್ನದು ಅಂತ ಹೇಳಿ ಇನ್ನೊಬ್ಬಳಿಗೆ ತಿನ್ನಿಸ್ತಿದ್ದಾಳೆ, ಅದನ್ನೂ ಬರ್ಕೋ."

ಸಂಶೋಧಕಿಯ ಮುಖ ಬಿಳಿಚಿಕೊಂಡಿತು. "ಅವಳು ಎಲ್ಲರ ಹತ್ರನೂ ಹೇಳಿಕೊಟ್ಟ ಮಾತು ಮಾತ್ರ ಆಡಬೇಕಿತ್ತು. ಇದನ್ನ ಬರೆದರೆ ಇಷ್ಟು ದಿನದ ಕೆಲಸ ನೀರಲ್ಲಿ ಹೋಮ." ಅನುಮಾನ ಬರಲಿಲ್ಲ ಅನ್ನೋದನ್ನಷ್ಟೇ ಬರೆದು ಪೆನ್ನು ಮುಚ್ಚಿದಳು. ಓದಿದವರ ನಾಚಿಕೆ ಇಷ್ಟೇ ನೋಡಿ.

ಮೆಟ್ಟಿಲ ಹತ್ತಿರ ಹುಡುಗಿ ಓಡಿಬಂದಳು. "ಅಕ್ಕಾ, ನಾನೂ ಒಬ್ಬಳೇ ಇರೋದು. ನೀವು ಹೇಳಿದ್ದು ನನ್ನದೇ ಅನ್ನಿಸ್ತು, ಬಾಯಿಗೆ ಬಂದುಬಿಡ್ತು." ಕಣ್ಣಲ್ಲಿ ನೀರು.

ನಿಜವೇ ಇರಬಹುದು. ನಂಬಿಬಿಡೋಣ ಅಂತ ಟೈಲರಮ್ಮನಿಗೆ ಆಸೆಯಾಯಿತು. ಆ ಆಸೆಯೇ ಅವಳನ್ನ ಹೆಚ್ಚು ಸುಟ್ಟಿತು.

"ಅಳಬೇಡ," ಅಂದಳು. "ಒಳಗೆ ಇನ್ನೊಬ್ಬಳು ಕಾಯ್ತಿದ್ದಾಳೆ, ಈ ಕಣ್ಣೀರು ಅವಳಿಗೆ ಬೇಕಾಗುತ್ತೆ."