ಹೂವಪ್ಪನ ಕಿವಿಗೆ ಒಪ್ಪದ ಸದ್ದು

ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಹೂವಪ್ಪ ಕಣ್ಣು ಮುಚ್ಚುತ್ತಾರೆ. ಬೆಳಗಿನ ಆರು ಗಂಟೆ. ರಿಪ್ಪನ್‌ಪೇಟೆಯ ಈ ಅಕ್ಕಿ ಗಿರಣಿಯ ಒಡತಿ ಮೂಕಮ್ಮ ಬಾಗಿಲಲ್ಲೇ ನಿಂತು ಕೇಳುತ್ತಾರೆ: "ಎಂತ ಅಂತದೆ?"

"ಎಂತದೂ ಅನ್ನಲ್ಲ. ಅದೇ ಬೇಕಾಗಿದ್ದು."

ಹೂವಪ್ಪನಿಗೆ ಅರವತ್ತೊಂದು. ಮೂವತ್ನಾಲ್ಕು ವರ್ಷಗಳಿಂದ ಸಾಗರ, ಹೊಸನಗರ, ತೀರ್ಥಹಳ್ಳಿಯ ಗಿರಣಿಗಳನ್ನು ರಿಪೇರಿ ಮಾಡುತ್ತಿದ್ದಾರೆ. ಅವರು ನೋಡಿಕೊಳ್ಳುತ್ತಿದ್ದ ನೂರಿಪ್ಪತ್ತು ಗಿರಣಿಗಳಲ್ಲಿ ಈಗ ಉಳಿದಿರುವುದು ನಲವತ್ತೇಳು. ಸುಗ್ಗಿ ಮುಗಿದ ಮೇಲೆ ದಿನಕ್ಕೆ ಮೂರು ಗಿರಣಿ, ಬೈಕಿನಲ್ಲಿ ತೊಂಬತ್ತು ಕಿಲೋಮೀಟರ್. ಎಡಗೈಯ ಕಿರುಬೆರಳನ್ನು ಬೆಲ್ಟೊಂದು ಎಂದೋ ತೆಗೆದುಕೊಂಡಿದೆ. ಅದರ ಬಗ್ಗೆ ಅವರಿಗೆ ಚಿಂತೆಯಿಲ್ಲ. ಚಿಂತೆ ಇರುವುದು ಹೋದ ವರ್ಷದಿಂದ ಹಬ್ಬಿರುವ ಮಾತಿನ ಬಗ್ಗೆ: ಹೂವಪ್ಪನ ಕಿವಿ ಮಂದವಾಗಿದೆಯಂತೆ. ಬ್ಯಾಕೋಡಿನ ಕಡೆ ಇಬ್ಬರು ಗಿರಣಿಯವರು ಆಗಲೇ ಬೇರೆ ಮೆಕ್ಯಾನಿಕ್ಕನ್ನು ಕರೆಸಿಕೊಂಡಿದ್ದಾರೆ.

"ಕಣ್ಣು ಹೋದ್ರೂ ಈ ಕೆಲ್ಸ ಮಾಡ್ಬೋದು. ಕಿವಿ ಹೋಯ್ತು ಅಂದ್ರೆ ಯಾರೂ ಕರೆಯಲ್ಲ," ಎನ್ನುತ್ತಾರೆ.

ಅಷ್ಟರಲ್ಲಿ ಮೈಕುಗಳ ಚೀಲ ಹೊತ್ತು ಅನಿಕೇತ, ವಿನಯಾ ಒಳಗೆ ಬರುತ್ತಾರೆ. ಇಬ್ಬರೂ 'ತುಕ್ಕು' ಎಂಬ ಇಂಡಸ್ಟ್ರಿಯಲ್ ರಾಕ್ ತಂಡದವರು; ಯಂತ್ರಗಳ ಸದ್ದೇ ಅವರ ತಾಳ. ಮೊದಲ ಆಲ್ಬಮ್ಮಿನ ಎಂಟು ಹಾಡು ಮುಗಿದಿವೆ. ಒಂಬತ್ತನೆಯದು ನಿಂತಿರುವುದು ಹೋದ ವಾರ ಈ ಗಿರಣಿಯಲ್ಲಿ ಕೇಳಿದ 'ಟಕ್ಕಟ ಟಕ್'ನ ಮೇಲೆ.

ವಿನಯಾ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾಳೆ. ಮುಖ ಸಪ್ಪಗಾಗುತ್ತದೆ. "ಆ ಸದ್ದೆಲ್ಲಿ?"

"ಆ ಬಡ್ಕೊಳ್ಳೋದಾ? ತೆಗ್ದೆ. ಸದ್ದು ರೆಕಾರ್ಡ್ ಮಾಡೋರು ಬತ್ತಾರೆ ಅಂತ ಮೂಕಕ್ಕ ಹೇಳಿದ್ರು. ನೆಂಟ್ರು ಬರೋವಾಗ ಮನೆ ಗುಡಿಸಲ್ವಾ? ಐದು ಗಂಟೆಗೇ ಬಂದು ಬೇರಿಂಗ್ ಬದಲಿಸ್ದೆ."

ಮೂಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಸವೆದ ಬೇರಿಂಗ್ ಇನ್ನೂ ಎಣ್ಣೆಬಟ್ಟೆಯ ಮೇಲೆ ಬಿದ್ದಿದೆ. ಅನಿಕೇತ ಅದನ್ನೇ ನೋಡುತ್ತಾನೆ.

"ಹೂವಣ್ಣ, ಹತ್ತು ನಿಮಿಷ ಹಳೇದನ್ನ ಹಾಕಿ. ಆಲ್ಬಮ್ ಕವರ್ ಮೇಲೆ ನಿಮ್ ಹೆಸ್ರು, ನಮ್ಮದಕ್ಕಿಂತ ಮೊದ್ಲು."

"ಶಾಫ್ಟ್ ಕುಣೀತದೆ. ಅಕ್ಕಿಯೆಲ್ಲ ನುಚ್ಚಾಗ್ತದೆ."

"ಅಕ್ಕಿ ಹಾಕೋದೇ ಬೇಡ, ಖಾಲಿ ಓಡ್ಸೋಣ."

"ನಂದೇನೂ ಅಡ್ಡಿಯಿಲ್ಲ ಮಾರಾಯ," ಎನ್ನುತ್ತಾರೆ ಮೂಕಮ್ಮ. "ನಿನ್ನ ಅಂಗಡಿ ಬೋರ್ಡಲ್ಲೇ ನಿನ್ನ ಹೆಸ್ರು ಅಳಿಸಿ ಹೋಗಿದೆ. ಇಲ್ಲಾದ್ರೂ ಬರಲಿ."

ಹೂವಪ್ಪ ಕೈ ಒರೆಸಿಕೊಳ್ಳುತ್ತಾರೆ. "ಮೂರು ತಾಲ್ಲೂಕಿನ ಗಿರಣಿಯವ್ರೂ ಈ ಹಾಡನ್ನ ಮೊಬೈಲಲ್ಲಿ ಕೇಳ್ತಾರೆ. ಬೇರಿಂಗ್ ಹೋಗಿದ್ದು ಅವ್ರಿಗೆ ಗೊತ್ತಾಗಲ್ವಾ? ಯಾರದಪ್ಪ ಈ ಕೆಲ್ಸ ಅಂತ ನೋಡಿದ್ರೆ ನನ್ ಹೆಸ್ರು."

"ಹಾಗಾದ್ರೆ ಹೆಸ್ರು ಹಾಕಲ್ಲ," ಎನ್ನುತ್ತಾಳೆ ವಿನಯಾ.

"ಮೂಕಕ್ಕನ ಗಿರಣಿ ಯಾರು ನೋಡ್ಕೊಳ್ಳೋದು ಅಂತ ಹೆಸ್ರು ಹಾಕಿ ಹೇಳ್ಬೇಕಾ ತಂಗಿ? ಈಗಿನ ಸದ್ದು ತಗೊಳ್ಳಿ. ಸಂಜೆವರೆಗೂ ಓಡ್ಸಿ ಕೊಡ್ತೀನಿ."

"ಐದೇ ನಿಮಿಷ, ಹೂವಣ್ಣ," ಅನಿಕೇತ ಬೇರಿಂಗನ್ನು ಬಟ್ಟೆಸಮೇತ ಎತ್ತಿ ಮುಂದೆ ಹಿಡಿಯುತ್ತಾನೆ.

"ಹಾಕಲ್ಲ."