ತಂಗಿಯ ಟೆಲಿಸ್ಕೋಪಿಗೆ ಅಂಟಿದ ಹತ್ತಿ
ತಂಗಿ ಮೊಬೈಲಿನಲ್ಲಿ ನೀಹಾರಿಕೆಯ ಹೆಸರು ಒತ್ತಿದಳು. ಅವಳ ಹೊಸ ಸ್ಮಾರ್ಟ್ ಟೆಲಿಸ್ಕೋಪು ತಾನೇ ತಿರುಗಿ ಓರಿಯನ್‌ನತ್ತ ನಿಂತಿತು.

“ಇದನ್ನ ಹುಡುಕಾಕ ನಿನ್ನ ಹಳೇ ಡಬ್ಬಿ ಟೆಲಿಸ್ಕೋಪಿಗೆ ಎರಡು ಚಳಿಗಾಲ ಬೇಕಾತು, ಇದಕ್ಕ ಎರಡು ನಿಮಿಷ ಸಾಕು ಅಣ್ಣಾ!”

ಗಿರಣಿಗಳಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಸೀಸನ್ನಿನಲ್ಲಿ ಎಳೆಗಳು ಊರೆಲ್ಲ ಹಾರುತ್ತವೆ; ಆದವಾನಿಯ ನಾವು ಕುಡಿಯುವ ನೀರಿಗೂ ಬಟ್ಟೆ ಕಟ್ಟುತ್ತೇವೆ. ಅವಳು ಸಂಜೆಯಿಂದ ಟೆಲಿಸ್ಕೋಪನ್ನು ಮಾಳಿಗೆಯ ಮೇಲೆ ತೆರೆದೇ ಇಟ್ಟಿದ್ದಳು. ಮಸೂರಕ್ಕೆ ಹತ್ತಿಯ ಎಳೆಗಳು ಅಂಟಿದ್ದವು. ನಾನು ನೋಡಿದೆ, ಹೇಳಲಿಲ್ಲ. ‘ಹೇಳಲು ಮರೆತೆ’ ಎಂದು ಆ ದಿನದ ನನ್ನ ಡೈರಿಯಲ್ಲಿದೆ. ಆ ಬರಹವನ್ನು ನಾನೇ ನಂಬುವುದಿಲ್ಲ.

“ಚಿತ್ರ ಮಸಕ ಬರಾಕತ್ತೈತಿ, ಯಾಕಣ್ಣಾ?”

“ಮೊದಲ ಸಲ ಹಂಗ ಬರತೈತಿ,” ಎಂದೆ. ಹೊಟ್ಟೆ ತಣ್ಣಗಾಯಿತು.

ಅವಳು ಆ ಮಸುಕು ಚಿತ್ರವನ್ನೇ ನೆಂಟರಿಗೆಲ್ಲ ಕಳಿಸಿದಳು. ಕೆಳಗೆ ಬರೆದಿದ್ದಳು: ‘ಅಣ್ಣ ಕಲಿಸಿದ್ದು.’